ತಂತ್ರಾಂಶದ ಜೊತೆಗೆ ತಪ್ಪುಗಳ ಲೆಕ್ಕವನ್ನೂ ಕೊಡೋಣ

ಜಯನಗರದ ಅಂಚಿನಲ್ಲಿರುವ ಆರ್.ವಿ. ರಸ್ತೆ ನಿಲ್ದಾಣದಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾದ ಮೇಲೆ, ಸಿಲ್ಕ್ ಬೋರ್ಡ್ ವೃತ್ತದಲ್ಲಿ ಅರ್ಧ ಆಯುಷ್ಯ ಕಳೆದವರಿಗೂ ಎಲೆಕ್ಟ್ರಾನಿಕ್ ಸಿಟಿ ಹತ್ತಿರವಾಗಿದೆ. ಬೆಳಗಿನ ಹೊತ್ತು ಈ ರೈಲಿನಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ನಿಂತಿರುವ ಯುವಕ ಯುವತಿಯರಲ್ಲಿ ಎಷ್ಟೋ ಮಂದಿ ದುಡಿಯುವುದು ಅಮೆರಿಕ, ಯುರೋಪಿನ ಗ್ರಾಹಕರಿಗಾಗಿ. ಬೆಂಗಳೂರಿನ ಮಾಹಿತಿ ತಂತ್ರಜ್ಞಾನವೆಂದರೆ ಶ್ರೀಮಂತ ದೇಶಗಳ ಕೆಲಸವನ್ನು ಅಗ್ಗದಲ್ಲಿ ಮಾಡಿಕೊಡುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಆದ್ದರಿಂದಲೇ ಏನೋ, ಅದೇ ಎಲೆಕ್ಟ್ರಾನಿಕ್ ಸಿಟಿಯಿಂದ ಬಡ ದೇಶಗಳ ಕಡೆಗೆ ಹೊರಟಿರುವ ಇನ್ನೊಂದು ದಾರಿಯನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಅಲ್ಲಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ, ಅಂದರೆ ಐಐಐಟಿ ಬೆಂಗಳೂರಿನ ಆಶ್ರಯದಲ್ಲಿ 2018ರಲ್ಲಿ ಒಂದು ಯೋಜನೆ ರೂಪುಗೊಂಡಿತು. ಅದರ ಹೆಸರು ‘ಮೋಸಿಪ್’. ಕನ್ನಡದ ಕಿವಿಗೆ ಈ ಹೆಸರು ಅಷ್ಟೇನೂ ಹಿತವಲ್ಲ. ಇಟ್ಟವರಿಗೆ ಯಾರಾದರೂ ಮೊದಲೇ ಹೇಳಬಹುದಿತ್ತು. ಒಂದು ದೇಶ ತನ್ನ ಪ್ರಜೆಗಳಿಗೆ ಗುರುತಿನ ಸಂಖ್ಯೆ ಕೊಡಲು ಬೇಕಾಗುವ ತಂತ್ರಾಂಶವನ್ನು ಬಿಡಿಬಿಡಿ ಭಾಗಗಳಲ್ಲಿ ರಚಿಸಿ, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳುವಂತೆ ಮುಕ್ತವಾಗಿ ಬಿಟ್ಟುಕೊಡುವುದು ಇದರ ಉದ್ದೇಶ. ನಮ್ಮ ಆಧಾರ್‌ನ ಅನುಭವದಿಂದ ಪ್ರೇರಣೆ ಪಡೆದಿದ್ದರೂ ಇದು ಆಧಾರ್‌ನ ತಂತ್ರಾಂಶವಲ್ಲ. ಮೊರೊಕ್ಕೊ, ಫಿಲಿಪ್ಪೀನ್ಸ್, ಇಥಿಯೋಪಿಯಾ, ಟೋಗೊ, ಶ್ರೀಲಂಕಾ ಮೊದಲಾದ ದೇಶಗಳು ಇದನ್ನು ಆರಿಸಿಕೊಂಡಿವೆ. ಫಿಲಿಪ್ಪೀನ್ಸ್ ಒಂದರಲ್ಲೇ ಎಂಟು ಕೋಟಿಗೂ ಹೆಚ್ಚು ಜನರ ನೋಂದಣಿ ಆಗಿದೆ. ಅರಬ್ಬಿಯಂಥ ಬಲದಿಂದ ಎಡಕ್ಕೆ ಬರೆಯುವ ಲಿಪಿಗೂ ಅದು ಹೊಂದಿಕೊಳ್ಳಬೇಕಾಯಿತು.

ಇದರ ಮಹತ್ವ ತಿಳಿಯಬೇಕಾದರೆ ಹಿಂದಿನ ಪರಿಸ್ಥಿತಿ ನೆನೆಯಬೇಕು. ಆಫ್ರಿಕದ ಸರ್ಕಾರವೊಂದು ಗುರುತಿನ ಚೀಟಿ ಕೊಡಲು ಹೊರಟರೆ ಐರೋಪ್ಯ ಕಂಪನಿಯೊಂದರ ಮೊರೆ ಹೋಗಬೇಕಿತ್ತು. ಯಂತ್ರ ಅವರದೇ, ತಂತ್ರಾಂಶ ಅವರದೇ, ದಾಖಲೆಗಳನ್ನು ಕೂಡಿಟ್ಟ ವಿನ್ಯಾಸವೂ ಅವರದೇ. ಐದು ವರ್ಷದ ನಂತರ ಬೇರೆಯವರಿಗೆ ಗುತ್ತಿಗೆ ಕೊಡೋಣವೆಂದರೆ ಕೋಟ್ಯಂತರ ಜನರ ದಾಖಲೆ ಆ ಬೀಗದೊಳಗೆ ಸಿಕ್ಕಿಕೊಂಡಿರುತ್ತಿತ್ತು. ಕೀಲಿಗೆ ಅವರು ಹೇಳಿದ್ದೇ ಬೆಲೆ. ಜಗತ್ತಿನಲ್ಲಿ ಸುಮಾರು 85 ಕೋಟಿ ಜನರಿಗೆ ತಾವು ಯಾರೆಂದು ತೋರಿಸುವ ಅಧಿಕೃತ ದಾಖಲೆಯೇ ಇಲ್ಲವೆಂದು ವಿಶ್ವಬ್ಯಾಂಕ್ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಇಂಥ ಬೀಗಗಳ ಬೆಲೆ ತೆರಲಾರದ ದೇಶಗಳಲ್ಲಿ ಇದ್ದಾರೆ. ಆಕರ ಸಂಕೇತವೇ ಕೈಯಲ್ಲಿದ್ದರೆ ದುರಸ್ತಿಗೆ ಯಾರನ್ನು ಬೇಕಾದರೂ ಕರೆಯಬಹುದು. ಬೆರಳಚ್ಚು ತೆಗೆಯುವ ಯಂತ್ರ, ಒಬ್ಬರೇ ಎರಡು ಸಲ ನೋಂದಾಯಿಸದಂತೆ ತಾಳೆ ನೋಡುವ ವ್ಯವಸ್ಥೆ, ದತ್ತಾಂಶ ಕೇಂದ್ರ ಇವನ್ನೆಲ್ಲ ಹಣ ಕೊಟ್ಟೇ ಕೊಳ್ಳಬೇಕಾದರೂ ಚೌಕಾಶಿಯ ಶಕ್ತಿ ಈಗ ಕೊಳ್ಳುವವನ ಕಡೆಗಿದೆ.

ಅಭಿವೃದ್ಧಿಶೀಲ ದೇಶಗಳು ಪರಸ್ಪರ ಕೈಜೋಡಿಸಿ ತಮಗೆ ಬೇಕಾದ ತಂತ್ರಜ್ಞಾನವನ್ನು ತಾವೇ ಕಟ್ಟಿಕೊಳ್ಳಬೇಕೆಂಬ ಮಾತು ಬೆಂಗಳೂರಿಗೆ ಹೊಸತಲ್ಲ. 1998ರಲ್ಲಿ ‘ಬೆಂಗಳೂರು ಐಟಿ ಡಾಟ್ ಕಾಮ್’ ಮೇಳದ ಜೊತೆಗೆ ‘ಜಾಗತಿಕ ಗ್ರಾಮ’ ಎಂಬ ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆದು, ಅಭಿವೃದ್ಧಿಶೀಲ ದೇಶಗಳ ಮಾಹಿತಿ ತಂತ್ರಜ್ಞಾನ ಕುರಿತ ‘ಬೆಂಗಳೂರು ಘೋಷಣೆ’ ಹೊರಬಂದಿತ್ತು. ಘೋಷಣೆಗಳು ಕಡತ ಸೇರುವುದು ಲೋಕರೂಢಿ. ಇದು ಹಾಗಾಗದೆ ಒಂದು ಯಂತ್ರದ ರೂಪ ತಾಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಅವರ ತಂಡ 2001ರಲ್ಲಿ ಮಾದರಿಯನ್ನು ಜಗತ್ತಿನ ಮುಂದಿಟ್ಟಿತು. ಅದೇ ‘ಸಿಂಪ್ಯೂಟರ್’.

ಅಂಗೈ ಅಗಲದ ಆ ಗಣಕಕ್ಕೆ ಕೀಲಿಮಣೆ ಇರಲಿಲ್ಲ. ಪರದೆ ಮುಟ್ಟಿದರೆ ಸಾಕು, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬರಹವನ್ನು ಓದಿ ಹೇಳುತ್ತಿತ್ತು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅದರ ಸ್ಮಾರ್ಟ್ ಕಾರ್ಡ್ ಕಲ್ಪನೆ. ಊರಿಗೆ ಒಂದು ಯಂತ್ರ, ಮನೆಗೊಂದು ಕಾರ್ಡ್. ಸರದಿಯಂತೆ ಬಂದು ತಮ್ಮ ಕಾರ್ಡ್ ತೂರಿಸಿದವರಿಗೆ ಅದು ತಮ್ಮದೇ ಗಣಕ. ಕೊಳ್ಳಲಾರದವರು ಹಂಚಿಕೊಳ್ಳಬಹುದು ಎಂಬ ಸಹಕಾರ ತತ್ತ್ವವನ್ನು ಯಂತ್ರದ ಹೊಟ್ಟೆಯೊಳಗೇ ಇಟ್ಟಿದ್ದರು. ವಿನ್ಯಾಸವನ್ನು ಗುಟ್ಟಾಗಿಡದೆ ಪರವಾನಗಿಯ ಮೇಲೆ ಬಿಟ್ಟುಕೊಟ್ಟರು. ಅಭಿವೃದ್ಧಿಶೀಲ ದೇಶದ ತಯಾರಕರಿಗೆ ಕಡಿಮೆ ಶುಲ್ಕ, ಶ್ರೀಮಂತ ದೇಶದವರಿಗೆ ಹೆಚ್ಚು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾರುಕಟ್ಟೆಗೆ ಬಂತು. ನಮ್ಮ ಕಂದಾಯ ಇಲಾಖೆಯೂ ಜಮೀನಿನ ದಾಖಲೆ ಸಂಗ್ರಹಕ್ಕೆ ಸಿಂಪ್ಯೂಟರ್ ಬಳಸಿ ನೋಡಿತು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಹೆಚ್ಚು ತಯಾರಾದರೆ ಮಾತ್ರ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಮಾತ್ರ ಹೆಚ್ಚು ಮಂದಿ ಕೊಳ್ಳುತ್ತಾರೆ. ಈ ಸುಳಿಯಿಂದ ಅದು ಹೊರಬರುವ ಮೊದಲೇ ಮೊಬೈಲ್ ಫೋನು ಹಳ್ಳಿ ಹೊಕ್ಕಿತು.

ಸೋತದ್ದು ವಿಜ್ಞಾನಿಗಳ ಬುದ್ಧಿಯಲ್ಲ. 1998ರ ಘೋಷಣೆಗೆ ತಲೆದೂಗಿದ ದೇಶಗಳ ಪೈಕಿ ನಾಲ್ಕೈದು ಸರ್ಕಾರಗಳು ಒಟ್ಟಾಗಿ ಬೇಡಿಕೆ ಸಲ್ಲಿಸಿದ್ದರೆ ಆ ಯಂತ್ರದ ಕಥೆ ಬೇರೆಯಾಗುತ್ತಿತ್ತೆಂದು ನಾನು ನಂಬುತ್ತೇನೆ. ಪ್ರಾದೇಶಿಕ ಸಹಕಾರವೆಂಬುದು ವೇದಿಕೆಯ ಮೇಲಿತ್ತು. ಖರೀದಿ ಪತ್ರದಲ್ಲಿ ಇರಲಿಲ್ಲ. ಮೋಸಿಪ್‌ಗೆ ಆ ತೊಡಕು ಎದುರಾಗಲಿಲ್ಲ. ತಂತ್ರಾಂಶವನ್ನು ಎಷ್ಟು ಸಲ ನಕಲು ಮಾಡಿದರೂ ಖರ್ಚಿಲ್ಲ. ಜೊತೆಗೆ ಗೇಟ್ಸ್ ಪ್ರತಿಷ್ಠಾನ, ಒಮಿಡ್ಯಾರ್ ನೆಟ್‌ವರ್ಕ್, ಟಾಟಾ ಟ್ರಸ್ಟ್‌ಗಳ ಹಣ ಬೆನ್ನಿಗಿತ್ತು. ಬಡ ದೇಶಗಳ ಪರಸ್ಪರ ಸಹಕಾರಕ್ಕೂ ಸಿರಿವಂತರ ದಾನವೇ ಎಣ್ಣೆಯಾಗಬೇಕಾದದ್ದು ವಿಪರ್ಯಾಸವೇ ಸರಿ. ಆ ಚರ್ಚೆ ಇನ್ನೊಮ್ಮೆ ಇರಲಿ.

ಇಷ್ಟು ಹೊಗಳಿದ ಮೇಲೆ ಹಳದಿ ಮಾರ್ಗದಿಂದ ಇಳಿದು ನಾನಿರುವ ಬನಶಂಕರಿಗೆ ಬರಬೇಕು. ನಮ್ಮ ಬೀದಿಯ ತಿರುವಿನಲ್ಲಿ ಹೂ ಕಟ್ಟಿ ಮಾರುವ ಒಬ್ಬ ವೃದ್ಧೆ ಇದ್ದಾರೆ. ನಲವತ್ತು ವರ್ಷ ನೀರಲ್ಲಿ ನೆನೆದ ನಾರು ಎಳೆದ ಬೆರಳುಗಳು. ಒಮ್ಮೆ ಬೆಳಿಗ್ಗೆ ಅವರು ಹೂವಿನ ಬುಟ್ಟಿಯಿಲ್ಲದೆ ಬರಿಗೈಯಲ್ಲಿ ಕೂತಿದ್ದುದನ್ನು ಕಂಡು ವಿಚಾರಿಸಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಮೂರು ದಿನ ಸತತವಾಗಿ ಸರದಿಯಲ್ಲಿ ನಿಂತು ಹೆಬ್ಬೆರಳು ಒತ್ತಿದರೂ ಯಂತ್ರ ಒಪ್ಪಲಿಲ್ಲವಂತೆ. “ಗೆರೆ ಸವೆದೋಗಿದೆಯಂತೆ ಸ್ವಾಮಿ, ನಾನೇ ನಾನಲ್ಲ ಅಂತದೆ ಆ ಮಿಷನ್ನು” ಎಂದು ನಕ್ಕರು. ಆ ತಿಂಗಳ ಅಕ್ಕಿ ಸಿಕ್ಕಿದ್ದು, ಮಗನ ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯಿಂದಲೂ ಕೊಡಬಹುದೆಂದು ಯಾರೋ ಹೇಳಿ, ಮಗ ಅರ್ಧ ದಿನದ ಕೂಲಿ ಬಿಟ್ಟು ಬಂದ ಮೇಲೆ. ಬೆರಳಚ್ಚು ಹೊಂದದವರಿಗೆ ಬೇರೆ ದಾರಿ ನಿಯಮದಲ್ಲಿ ಇತ್ತು. ಅದು ಕೌಂಟರಿನ ಆಚೆ ಇದ್ದವನ ಅರಿವಿನಲ್ಲಿ ಇರಲಿಲ್ಲ.

ಅಡಿಸ್ ಅಬಾಬಾದ ಕಟ್ಟಡ ಕಾರ್ಮಿಕನ ಬೆರಳೂ, ಕ್ಯಾಂಡಿಯ ತೋಟದಲ್ಲಿ ಚಹಾ ಎಲೆ ಕೀಳುವ ಹೆಂಗಸಿನ ಬೆರಳೂ ಇದಕ್ಕಿಂತ ಭಿನ್ನವಾಗಿರಲಾರವು. ಬೆರಳಚ್ಚು ಮಾತ್ರವಲ್ಲದೆ ಬೇರೆ ವಿಧಾನಗಳಿಂದಲೂ ಗುರುತು ದೃಢೀಕರಿಸುವ ಅವಕಾಶ ಮೋಸಿಪ್‌ನಲ್ಲಿ ಇದೆ. ಅದನ್ನು ರೂಪಿಸಿದವರು ಸಮಸ್ಯೆ ಅರಿಯದವರಲ್ಲ. ಆದರೆ ಯಾವ ವಿಧಾನ ಬಳಸಬೇಕು, ಯಾವುದನ್ನು ಕಡ್ಡಾಯ ಮಾಡಬೇಕು, ಗುರುತು ಸಿಗದವನಿಗೆ ಅಕ್ಕಿ ಕೊಡಬೇಕೇ ಬೇಡವೇ ಎಂಬುದು ಆಯಾ ಸರ್ಕಾರದ ತೀರ್ಮಾನ. ‘ನಾವು ಸಲಕರಣೆ ಕೊಟ್ಟೆವು, ಬಳಕೆಯ ಹೊಣೆ ಅವರದು’ ಎಂಬ ವಾದ ಸಾರ್ವಭೌಮತ್ವದ ದೃಷ್ಟಿಯಿಂದ ಸರಿಯೇ. ಆದರೂ ಆ ತೀರ್ಮಾನ ಸರಿಯಾಗಲು ಬೇಕಾದ ಅನುಭವ ನಮ್ಮಲ್ಲಿ ಧಾರಾಳವಾಗಿದೆ. ಅದನ್ನು ಸಂಕೇತದ ಜೊತೆ ಕಟ್ಟಿಕೊಡುತ್ತಿಲ್ಲ ಎಂಬುದೇ ನನ್ನ ಆಕ್ಷೇಪ.

ಭೂಮಿ ಯೋಜನೆಯ ಪಾಠವೂ ಇಲ್ಲಿ ಪ್ರಸ್ತುತ. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 2001ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಒಂದರಂತೆ ಕೊಡತೊಡಗಿದಾಗ ರೈತ ಗ್ರಾಮ ಲೆಕ್ಕಿಗನ ಮರ್ಜಿ ಕಾಯುವುದು ತಪ್ಪಿತು. ಈ ಸಾಧನೆ ಸಣ್ಣದಲ್ಲ. ದೇಶದ ಉಳಿದ ರಾಜ್ಯಗಳೂ ಬಂದು ನೋಡಿಹೋದವು. ಕೆಲ ವರ್ಷಗಳ ಬಳಿಕ ಸಂಶೋಧಕರು ಮತ್ತೊಂದು ಮಗ್ಗುಲನ್ನು ತೋರಿಸಿದರು. ಯಾವ ಸರ್ವೆ ನಂಬರು ಯಾರದೆಂದು ದೂರದಿಂದಲೇ ತಿಳಿಯುವಂತಾದಾಗ, ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಭೂಮಿ ಕೂಡಿಹಾಕುವವರಿಗೆ ಅನುಕೂಲವಾಯಿತು. ಊರಿನ ನಂಬಿಕೆಯ ಮೇಲೆ, ಬಾಯಿಮಾತಿನ ಮೇಲೆ ಉಳುಮೆ ಮಾಡುತ್ತಿದ್ದವರ ಹಕ್ಕು ದಾಖಲೆಯಲ್ಲಿ ಕಾಣಿಸಲಿಲ್ಲ. ಜಮೀನು ದಾಖಲೆ ಗಣಕೀಕರಿಸಲು ಹೊರಟ ಯಾವ ದೇಶಕ್ಕಾದರೂ ಮೊದಲನೆಯ ಕಥೆಗಿಂತ ಎರಡನೆಯದು ಹೆಚ್ಚು ಉಪಯುಕ್ತ. ಪ್ರವಾಸಿ ನಿಯೋಗಗಳಿಗೆ ನಾವು ತೋರಿಸುವ ಸ್ಲೈಡುಗಳಲ್ಲಿ ಅದು ಇರುವುದುಂಟೇ?

ಬೆಂಗಳೂರಿನಿಂದ ಅಂಥ ಅನುಭವ ಹೊರದೇಶಕ್ಕೆ ಹೋಗಿಲ್ಲವೆಂದಲ್ಲ. ಹೋಗಿದೆ, ಆದರೆ ಸರ್ಕಾರದ ಮೂಲಕವಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ ಹುಟ್ಟಿದ್ದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ನೀಡಿದ ತೀರ್ಪು: ಖಾಸಗಿತನ ಮೂಲಭೂತ ಹಕ್ಕು. ಮರುವರ್ಷ ಸೆಪ್ಟೆಂಬರಿನಲ್ಲಿ ಆಧಾರ್ ಕಾಯ್ದೆಯನ್ನು ನಾಲ್ವರು ನ್ಯಾಯಮೂರ್ತಿಗಳು ಕೆಲವು ಮಿತಿಗಳೊಂದಿಗೆ ಎತ್ತಿಹಿಡಿದರು; ಡಿ.ವೈ. ಚಂದ್ರಚೂಡ್ ಒಬ್ಬರೇ ಭಿನ್ನಮತ ಬರೆದರು. ನಮ್ಮಲ್ಲಿ ಸೋತ ಆ ಭಿನ್ನಮತ ಸಮುದ್ರ ದಾಟಿ ಗೆದ್ದಿತು. 2019ರ ಏಪ್ರಿಲ್‌ನಲ್ಲಿ ಜಮೈಕದ ಸರ್ವೋಚ್ಚ ನ್ಯಾಯಾಲಯ ಅಲ್ಲಿನ ಕಡ್ಡಾಯ ಗುರುತಿನ ಕಾನೂನನ್ನು ರದ್ದುಪಡಿಸುವಾಗ ಚಂದ್ರಚೂಡ್ ಅವರ ತರ್ಕವನ್ನು ವಿಸ್ತಾರವಾಗಿ ಅವಲಂಬಿಸಿತು. ಕೆನ್ಯಾದ ಹೈಕೋರ್ಟು 2020ರ ಜನವರಿಯಲ್ಲಿ ‘ಹುದುಮಾ ನಂಬಾ’ ಯೋಜನೆಯನ್ನು ಪರಿಶೀಲಿಸಿ, ಡಿಎನ್‌ಎ ಸಂಗ್ರಹಕ್ಕೆ ತಡೆಯೊಡ್ಡಿತು. ಸೂಕ್ತ ಕಾನೂನು ಚೌಕಟ್ಟು ಇಲ್ಲದೆ ಮುಂದುವರಿಯುವಂತಿಲ್ಲ ಎಂದಿತು.

ಜಮೈಕ, ಕೆನ್ಯಾಗಳ ಆ ಯೋಜನೆಗಳು ಮೋಸಿಪ್‌ಗೆ ಸೇರಿದವಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ನಾನು ಹೇಳಹೊರಟದ್ದು ಇಷ್ಟೇ: ಒಂದೇ ಊರಿನಿಂದ ತಂತ್ರಾಂಶವೂ ಹೊರಟಿತು, ಅದರ ಮೇಲೆ ಇಡಬೇಕಾದ ಅಂಕುಶವೂ ಹೊರಟಿತು. ಮೊದಲನೆಯದಕ್ಕೆ ಒಪ್ಪಂದ, ಅನುದಾನ, ಸಮಾವೇಶಗಳ ರತ್ನಗಂಬಳಿ. ಎರಡನೆಯದನ್ನು ಹೊತ್ತವರು ತಮ್ಮ ಪಾಡಿಗೆ ದಾವೆ ಹೂಡಿದ ಒಬ್ಬ ಹಿರಿಯರು. ಪುಟ್ಟಸ್ವಾಮಿ ಅವರು 2024ರ ಅಕ್ಟೋಬರ್‌ನಲ್ಲಿ 98ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನೈರೋಬಿ, ಕಿಂಗ್‌ಸ್ಟನ್ನಿನ ವಕೀಲರಿಗೆ ಪರಿಚಿತವಾದ ಈ ಹೆಸರು ನಮ್ಮೂರಿನ ಎಷ್ಟು ತಂತ್ರಜ್ಞರಿಗೆ ಗೊತ್ತಿದೆಯೋ ತಿಳಿಯದು.

ಕೊಡುವವರು ನಾವು, ಪಡೆಯುವವರು ಅವರು ಎಂಬ ಭಾವನೆಯೂ ಅಷ್ಟು ಸರಿಯಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ನಮ್ಮ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2023ರಲ್ಲಿ. ಮೊರೊಕ್ಕೊ 2009ರಲ್ಲೇ, ಫಿಲಿಪ್ಪೀನ್ಸ್ 2012ರಲ್ಲಿ, ಕೆನ್ಯಾ 2019ರಲ್ಲಿ, ಶ್ರೀಲಂಕಾ 2022ರಲ್ಲಿ ಇಂಥ ಕಾನೂನು ಮಾಡಿದ್ದವು. ಶ್ರೀಲಂಕಾದ ಡಿಜಿಟಲ್ ಗುರುತಿನ ಯೋಜನೆಗೆ ಭಾರತ ಅನುದಾನ ಘೋಷಿಸಿದಾಗ, ತಮ್ಮ ಪ್ರಜೆಗಳ ಬೆರಳಚ್ಚು ಯಾರ ವಶದಲ್ಲಿ ಇರುತ್ತದೆ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಇದನ್ನು ಕೃತಘ್ನತೆಯೆಂದು ನಮ್ಮಲ್ಲಿ ಕೆಲವರು ಮುಖ ಸಿಂಡರಿಸಿದರೆ ತಪ್ಪಾಗುತ್ತದೆ. ನಾವು ಇದೇ ಪ್ರಶ್ನೆಯನ್ನು ಅಮೆರಿಕದ ಕಂಪನಿಗಳಿಗೆ ಕೇಳುತ್ತಿಲ್ಲವೇ? ದೊಡ್ಡ ನೆರೆಯವನ ಉಡುಗೊರೆಯನ್ನು ಚಿಕ್ಕ ದೇಶ ಎರಡು ಸಲ ತಿರುಗಿಸಿ ನೋಡುವುದು ಸಹಜ.

ಬಾಂಗ್ಲಾದೇಶವನ್ನೇ ನೋಡಿ. 2010ರಲ್ಲಿ ಅದು ನಾಲ್ಕೂವರೆ ಸಾವಿರ ಯೂನಿಯನ್‌ಗಳಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯ್ತಿಯ ಮಟ್ಟದಲ್ಲಿ, ಮಾಹಿತಿ ಕೇಂದ್ರಗಳನ್ನು ತೆರೆಯಿತು. ಪ್ರತಿ ಕೇಂದ್ರಕ್ಕೂ ಸ್ಥಳೀಯರಾದ ಒಬ್ಬ ಪುರುಷ, ಒಬ್ಬ ಮಹಿಳೆ ಉದ್ಯಮಿಗಳಾಗಿ ಇರಬೇಕೆಂದು ಗೊತ್ತುಮಾಡಿತು. ಅದಕ್ಕೂ ನಾಲ್ಕು ವರ್ಷ ಮೊದಲೇ ಕರ್ನಾಟಕ ಹೋಬಳಿ ಮಟ್ಟದಲ್ಲಿ 800 ‘ನೆಮ್ಮದಿ’ ಕೇಂದ್ರಗಳನ್ನು ಆರಂಭಿಸಿತ್ತು. ನಮ್ಮದನ್ನು ಖಾಸಗಿ ಕಂಪನಿಗಳ ಸಹಭಾಗಿತ್ವಕ್ಕೆ ಒಪ್ಪಿಸಿದೆವು; ಕೊನೆಗೆ ಸರ್ಕಾರ ಹಿಂದಕ್ಕೆ ಪಡೆದು ಅಟಲ್‌ಜಿ ಜನಸ್ನೇಹಿ ಕೇಂದ್ರವೆಂದು ಹೆಸರು ಬದಲಿಸಿತು. ಹೆಂಗಸರು ಜಾತಿ ಪ್ರಮಾಣಪತ್ರಕ್ಕೋ ವಿಧವಾ ವೇತನಕ್ಕೋ ಬಂದಾಗ ಕೌಂಟರಿನ ಆಚೆ ಇನ್ನೊಬ್ಬ ಹೆಂಗಸು ಇದ್ದರೆ ಏನು ವ್ಯತ್ಯಾಸ ಆಗುತ್ತದೆಂದು ಢಾಕಾದವರಿಂದ ಕೇಳಿ ತಿಳಿಯಬಹುದಿತ್ತು.

ಸಹಕಾರ ಹೇಗಿರಬೇಕೆಂಬುದಕ್ಕೆ ಬೆಂಗಳೂರಿನದೇ ಇನ್ನೊಂದು ನಿದರ್ಶನವಿದೆ. ಇಸ್ರೊ 2017ರ ಮೇ 5ರಂದು ದಕ್ಷಿಣ ಏಷ್ಯಾ ಉಪಗ್ರಹವನ್ನು ಹಾರಿಸಿತು. ಪಾಕಿಸ್ತಾನ ಹೊರಗುಳಿಯಿತು, ಉಳಿದ ನೆರೆಯ ದೇಶಗಳಿಗೆ ಅದು ಭಾರತದ ಕೊಡುಗೆ. ಸುದ್ದಿ ದೊಡ್ಡದಾಯಿತು. ಆದರೆ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು ಸದ್ದಿಲ್ಲದೆ ನಡೆದ ಮುಂದಿನ ಹೆಜ್ಜೆ. ಭೂತಾನದ ಎಂಜಿನಿಯರುಗಳು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತರಬೇತಿ ಪಡೆದು, ನಮ್ಮವರೊಡನೆ ಕೂಡಿ ಪುಟ್ಟ ಉಪಗ್ರಹವೊಂದನ್ನು ಕಟ್ಟಿದರು. 2022ರ ನವೆಂಬರ್ 26ರಂದು ಅದು ಕಕ್ಷೆ ಸೇರಿತು. ಉಡುಗೊರೆಯಾಗಿ ಬಂದ ಉಪಗ್ರಹ ಒಂದು ದಿನ ಕೆಡುತ್ತದೆ. ಬೆಂಗಳೂರಿನಲ್ಲಿ ಕೂತು ತಿರುಪು ಬಿಗಿದವರ ಕೈ ಥಿಂಪುವಿನಲ್ಲಿ ಉಳಿಯುತ್ತದೆ.

ಮೋಸಿಪ್ ಬಳಗವೂ ಈ ದಿಕ್ಕಿನಲ್ಲಿ ನಡೆದಿದೆ. ಬಳಕೆದಾರ ದೇಶಗಳ ಸಮಾವೇಶ 2024ರಲ್ಲಿ ಅಡಿಸ್ ಅಬಾಬಾದಲ್ಲಿ, 2025ರಲ್ಲಿ ಮನಿಲಾದಲ್ಲಿ ನಡೆಯಿತು. ಇಂಥ ಕಡೆ ಎಂಜಿನಿಯರುಗಳು, ಕಂಪನಿಗಳು, ಅಧಿಕಾರಿಗಳು ಸೇರುತ್ತಾರೆ. ನ್ಯಾಯಬೆಲೆ ಅಂಗಡಿಯ ಸರದಿಯಲ್ಲಿ ನಿಂತವರ ಪರವಾಗಿ ಮಾತನಾಡುವವರಿಗೂ ಅಷ್ಟೇ ಅಗಲದ ಕುರ್ಚಿ ಬೇಕು. ಅಂಥವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಜಯನಗರದ ನಾಲ್ಕನೆಯ ‘ಟಿ’ ಬ್ಲಾಕಿನಲ್ಲಿರುವ ‘ಐಟಿ ಫಾರ್ ಚೇಂಜ್’ ಎಂಬ ಸ್ವಯಂಸೇವಾ ಸಂಸ್ಥೆ, ಜಿನೀವಾ ಮತ್ತು ಟ್ಯುನಿಸ್‌ನಲ್ಲಿ 2003 ಹಾಗೂ 2005ರಲ್ಲಿ ನಡೆದ ಮಾಹಿತಿ ಸಮಾಜದ ಜಾಗತಿಕ ಶೃಂಗಸಭೆಗಳ ಕಾಲದಿಂದಲೂ ಅಭಿವೃದ್ಧಿಶೀಲ ದೇಶಗಳ ದತ್ತಾಂಶದ ಮೇಲೆ ಅವುಗಳ ಜನರಿಗೇ ಹಕ್ಕಿರಬೇಕೆಂದು ವಾದಿಸುತ್ತ ಬಂದಿದೆ. ಅದೇ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯೊಡನೆ ಕೂಡಿ, ಸರ್ಕಾರಿ ಶಾಲೆಗಳ ಶಿಕ್ಷಕರೇ ಪಾಠ ಸಾಮಗ್ರಿ ಬರೆದು ಹಂಚಿಕೊಳ್ಳುವ ಮುಕ್ತ ಸಂಪನ್ಮೂಲ ತಾಣವನ್ನು ಕನ್ನಡದಲ್ಲಿ ಬೆಳೆಸಿದೆ. ಜಯನಗರದ ಈ ಮನೆಗೂ ಎಲೆಕ್ಟ್ರಾನಿಕ್ ಸಿಟಿಯ ಆ ಆವರಣಕ್ಕೂ ನಡುವೆ ಒಂದು ಮೆಟ್ರೊ ಪ್ರಯಾಣದ ಅಂತರ. ಬೌದ್ಧಿಕವಾಗಿ ಅದು ಇನ್ನೂ ಹೆಚ್ಚೆಂದು ಒಮ್ಮೊಮ್ಮೆ ಅನಿಸುತ್ತದೆ.

ಇವರಿಬ್ಬರೂ, ಜೊತೆಗೆ ರಾಜ್ಯದ ಇ–ಆಡಳಿತ ಇಲಾಖೆಯೂ ಕೂತು ಒಂದು ಕಡತ ಸಿದ್ಧಪಡಿಸಲಿ. ಬೆರಳಚ್ಚು ಎಲ್ಲಿ, ಯಾರದು, ಏಕೆ ಹೊಂದಲಿಲ್ಲ. ಹೊಂದದಿದ್ದಾಗ ಯಾವ ತಾಲ್ಲೂಕಿನಲ್ಲಿ ಏನು ಮಾಡಿದರು. ಪಹಣಿ ಗಣಕಕ್ಕೇರಿದ ಮೇಲೆ ಯಾರ ಹೆಸರು ಬಿಟ್ಟುಹೋಯಿತು, ತಿದ್ದುಪಡಿಗೆ ಎಷ್ಟು ಸಲ ಅಲೆದರು. ನ್ಯಾಯಾಲಯಗಳು ಏನು ಹೇಳಿದವು. ಅಧಿಕಾರಿಗಳು ಯಾವುದನ್ನು ಪಾಲಿಸಿದರು, ಯಾವುದನ್ನು ಮರೆತರು. ಇದನ್ನು ಆಕರ ಸಂಕೇತದಷ್ಟೇ ಮುಕ್ತವಾಗಿ ಎಲ್ಲರಿಗೂ ಸಿಗುವಂತೆ ಇಡಲಿ, ಕನ್ನಡದಲ್ಲೂ ಇಡಲಿ. ಫಿಲಿಪ್ಪೀನ್ಸ್‌ನವರು ಪ್ಲಾಸ್ಟಿಕ್ ಕಾರ್ಡು ಮುದ್ರಿಸಿ ಹಂಚುವುದು ತಡವಾದಾಗ ಕಾಗದದ ಮೇಲೆ ಮುದ್ರಿಸಿ ಕೊಟ್ಟು ಹೇಗೆ ನಿಭಾಯಿಸಿದರೆಂಬುದನ್ನು ಅವರು ಅದೇ ಕಡತಕ್ಕೆ ಸೇರಿಸಲಿ. ಖರ್ಚು ಹೆಚ್ಚಿಲ್ಲ. ನಮ್ಮ ಮುಖಕ್ಕೆ ಸ್ವಲ್ಪ ಮಸಿ ಬೀಳುತ್ತದೆ, ಅಷ್ಟೆ.

ಮುಂದಿನ ಬಾರಿ ಕೊಲಂಬೊದಿಂದಲೋ ಲೊಮೆಯಿಂದಲೋ ನಿಯೋಗವೊಂದು ಬಂದಾಗ, ಎಲೆಕ್ಟ್ರಾನಿಕ್ ಸಿಟಿಯ ತಂಪು ಕೊಠಡಿಯಲ್ಲಿ ಪ್ರಾತ್ಯಕ್ಷಿಕೆ ಮುಗಿದ ಮೇಲೆ ಅವರನ್ನು ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಕರೆತಂದು, ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಬನಶಂಕರಿಯಲ್ಲಿ ಇಳಿಸಬಹುದು. ಪಡಿತರ ಕೊಡುವ ದಿನಗಳಾದರೆ ಒಳ್ಳೆಯದು. ಬೆಳಿಗ್ಗೆ ಹತ್ತರ ಹೊತ್ತಿಗೆ ಸರದಿ ರಸ್ತೆಯವರೆಗೂ ಬಂದಿರುತ್ತದೆ. ಹೂ ಕಟ್ಟುವ ಅಜ್ಜಿ ಸಾಮಾನ್ಯವಾಗಿ ಮುಂದುಗಡೆಯೇ ಇರುತ್ತಾರೆ. ಈಗ ಮಗನ ಮೊಬೈಲನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡೇ ಬರುತ್ತಾರೆ.